ಗಿಲಕಿ ಆಡಿಸದ ಹಾವು

ಅಮೆರಿಕದ ಅರಿಜೋನಾದ ಟೂಸಾನ್‌ನಲ್ಲಿರುವ ನಮ್ಮ ಮನೆಯ ಉತ್ತರದ ಕಿಟಕಿಯ ಪಕ್ಕ ನಾನು ಚಿತ್ರ ಬರೆಯುವ ಮೇಜಿದೆ. ನಾಲ್ಕು ತಿಂಗಳಿಂದ ಅದರ ಮೇಲೆ ಒಂದೇ ಹಾಳೆ ಇದೆ. ಹಾಳೆಯಲ್ಲಿ ಒಂದು ವೆಸ್ಟರ್ನ್ ಡೈಮಂಡ್‌ಬ್ಯಾಕ್ ರ‍್ಯಾಟಲ್‌ಸ್ನೇಕ್ ಸುರುಳಿ ಸುತ್ತಿ ಮಲಗಿದೆ. ಮೈಯೆಲ್ಲ ಮುಗಿದಿದೆ, ಬಾಲದ ತುದಿಯ ಗಿಲಕಿ ಮಾತ್ರ ಇನ್ನೂ ಪೆನ್ಸಿಲಿನ ಗೆರೆಯಲ್ಲೇ ಉಳಿದಿದೆ. ಈ ಹಾವು ನಮ್ಮ ಸೀಮೆಯದಲ್ಲವಾದ್ದರಿಂದ ಕನ್ನಡದಲ್ಲಿ ಇದಕ್ಕೆ ಎಲ್ಲರ ಬಾಯಲ್ಲಿ ನಿಂತ ಹೆಸರೊಂದಿಲ್ಲ. ಬುಡುಬುಡಿಕೆ ಹಾವು ಎನ್ನುವವರಿದ್ದಾರೆ. ನಾನು ಗಿಲಕಿ ಹಾವು ಎನ್ನುತ್ತೇನೆ. ಆದರೆ ಅದರ ಸದ್ದನ್ನು ಒಮ್ಮೆ ಕೇಳಿದವರಿಗೆ ಬುಡುಬುಡಿಕೆಯೂ ನೆನಪಾಗುವುದಿಲ್ಲ, ಮಗುವಿನ ಗಿಲಕಿಯೂ ನೆನಪಾಗುವುದಿಲ್ಲ. ಕಾದ ಎಣ್ಣೆಗೆ ಆಗತಾನೆ ತೊಳೆದ ಕರಿಬೇವು ಹಾಕಿದಾಗ ಏಳುವ ಸದ್ದು ನಿಲ್ಲದೆ ಹಾಗೆಯೇ ಮುಂದುವರಿದರೆ ಹೇಗಿರುತ್ತದೋ ಹಾಗಿರುತ್ತದೆ ಅದು.

ಹನ್ನೆರಡು ವರ್ಷಗಳ ಹಿಂದೆ ಈ ಊರಿಗೆ ಬಂದ ಹೊಸತರಲ್ಲಿ ನಾನು ಇದೇ ಹಾವನ್ನು ಮೊದಲ ಸಲ ಬರೆದಿದ್ದೆ. ಆಗ ನಾನು ಜೀವಂತ ಗಿಲಕಿ ಹಾವನ್ನು ಒಮ್ಮೆಯೂ ನೋಡಿರಲಿಲ್ಲ. ಪತ್ರಿಕೆಗಳಲ್ಲಿ ಬಂದ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಅದರ ಬಾಯಿ ಪೂರ್ತಿ ತೆರೆದಿತ್ತು, ವಿಷದ ಹಲ್ಲುಗಳು ಮುಂದಕ್ಕೆ ಚಾಚಿದ್ದವು, ಬಾಲ ನೆಟ್ಟಗೆ ಎದ್ದು ನಿಂತಿತ್ತು. ನೋಡಿದವರೆಲ್ಲ ಮೆಚ್ಚಿದರು. ಒಂದು ವರ್ಷ ಅದು ನಡುಮನೆಯ ಗೋಡೆಯ ಮೇಲೂ ಇತ್ತು.

ಮರುವರ್ಷ ಮೇ ತಿಂಗಳಿನಲ್ಲಿ ಹಿತ್ತಿಲ ಗೋಡೆಯ ಬುಡದಲ್ಲಿ, ಪಾಪಾಸುಕಳ್ಳಿಯ ಮುಳ್ಳಿಗೆ ಸಿಕ್ಕಿಕೊಂಡು ಒಂದು ಪೊರೆ ಬಿದ್ದಿತ್ತು. ಅದನ್ನು ನಿಧಾನವಾಗಿ ಬಿಡಿಸಿ ತಂದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಾಜಿನ ಹಲಗೆಯ ಮೇಲೆ ಹರಡಿದೆ. ಹಾವು ಪೊರೆಯನ್ನು ಕಾಲುಚೀಲ ಕಳಚುವಂತೆ ಒಳಮಗ್ಗುಲು ಹೊರಗಾಗಿಸಿ ಬಿಡುತ್ತದೆ, ಅದು ಎಳೆದುಕೊಂಡು ಹಾವಿಗಿಂತಲೂ ಉದ್ದವಾಗಿರುತ್ತದೆ ಎಂಬುದೆಲ್ಲ ನನಗೆ ಅಂದು ಕೈಯಿಂದ ಮುಟ್ಟಿ ತಿಳಿದ ವಿಷಯಗಳು. ಹಾವನ್ನು ಗುರುತಿಸುವವರು ನಡುಮೈಯಲ್ಲಿ ಹೊಟ್ಟೆಯ ಅಗಲವಾದ ಪಟ್ಟಿಯ ಒಂದು ಅಂಚಿನಿಂದ ಬೆನ್ನಿನ ಮೇಲೆ ಹಾಯ್ದು ಇನ್ನೊಂದು ಅಂಚಿನವರೆಗೆ ಹುರುಪೆಗಳ ಸಾಲನ್ನು ಎಣಿಸುತ್ತಾರೆ. ಈ ಜಾತಿಯಲ್ಲಿ ಸಾಮಾನ್ಯವಾಗಿ 25ರಿಂದ 27 ಸಾಲುಗಳಿರುತ್ತವೆ. ನನ್ನ ಪೊರೆಯಲ್ಲಿ 25 ಇದ್ದವು. ಎಣಿಸಿದವಳು ಸುಮ್ಮನಿರಲಾರದೆ ಗೋಡೆಯ ಮೇಲಿದ್ದ ಚಿತ್ರವನ್ನು ಇಳಿಸಿ ಅದರಲ್ಲಿಯೂ ಎಣಿಸಿದೆ. ಕಾಣುವ ಅರ್ಧದಲ್ಲಿ ಎಂಟೂವರೆ, ಅಂದರೆ ಒಟ್ಟು 17. ನಮ್ಮ ಕಡೆಯ ಕೇರೆಹಾವಿನ ನಡುಮೈಯಲ್ಲಿ ಇರುವುದು 16 ಅಥವಾ 17 ಸಾಲು. ತೀರ್ಥಹಳ್ಳಿಯ ಗದ್ದೆಯಂಚಿನಲ್ಲಿ ಬಾಲ್ಯದಿಂದ ನೋಡಿದ ಹಾವು ನನಗೆ ಗೊತ್ತಿಲ್ಲದಂತೆ ಕೈಯೊಳಗೆ ಉಳಿದುಬಿಟ್ಟಿತ್ತು. ನಾನು ಕೇರೆಹಾವಿನ ಮೈಗೆ ಗಿಲಕಿ ಕಟ್ಟಿದ್ದೆ. ಹಲ್ಲು, ಬಾಯಿ, ಎದ್ದ ಬಾಲ, ಇವುಗಳಲ್ಲಿ ಕಣ್ಣು ಮುಳುಗಿದ್ದರಿಂದ ಮೈಯನ್ನು ನಾನೂ ನೋಡಿರಲಿಲ್ಲ, ಮೆಚ್ಚಿದವರೂ ನೋಡಿರಲಿಲ್ಲ.

ಆ ಪೊರೆಯ ಬಾಲದ ತುದಿ ತೆರೆದ ಕೊಳವೆಯಂತಿತ್ತು. ಬೇರೆ ಹಾವುಗಳ ಪೊರೆಯಲ್ಲಿ ಬಾಲದ ಮೊನೆಯವರೆಗೂ ಚರ್ಮ ಬರುತ್ತದೆ. ಇದರಲ್ಲಿ ಬರುವುದಿಲ್ಲ, ಏಕೆಂದರೆ ಆ ತುದಿಯ ಭಾಗವೇ ಬಾಲದಲ್ಲಿ ಉಳಿದು ಗಿಲಕಿಯ ಇನ್ನೊಂದು ಮಣಿಯಾಗುತ್ತದೆ. ನಮ್ಮ ಉಗುರು ಯಾವ ವಸ್ತುವೋ ಅದೂ ಅದೇ ಕೆರಾಟಿನ್. ಒಳಗೆ ಟೊಳ್ಳಾದ ಈ ಮಣಿಗಳು ಒಂದರ ಕುತ್ತಿಗೆ ಇನ್ನೊಂದರೊಳಗೆ ಸಡಿಲವಾಗಿ ಕೂರುವಂತೆ ಹೆಣೆದುಕೊಂಡಿರುತ್ತವೆ. ಒಳಗೆ ಕಾಳೂ ಇಲ್ಲ, ಕಲ್ಲೂ ಇಲ್ಲ, ಮಣಿಗೆ ಮಣಿ ಬಡಿದೇ ಸದ್ದು ಹುಟ್ಟುತ್ತದೆ. ಬಾಲದ ಸ್ನಾಯುಗಳು ಸೆಕೆಂಡಿಗೆ 50 ಸಲಕ್ಕೂ ಹೆಚ್ಚು, ಮೈ ಬೆಚ್ಚಗಿದ್ದರೆ 90ರವರೆಗೂ, ಅದನ್ನು ಅದುರಿಸಬಲ್ಲವು. ಮಣಿ ಎಷ್ಟಿವೆಯೋ ಹಾವಿಗೆ ಅಷ್ಟು ವರ್ಷ ಎಂದು ಇಲ್ಲಿಯವರೂ ಹೇಳುವುದುಂಟು. ಅದು ತಪ್ಪು. ಹಾವು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪೊರೆ ಬಿಡಬಹುದು, ಹಳೆಯ ಮಣಿಗಳು ಕಲ್ಲುಮುಳ್ಳಿಗೆ ತಾಗಿ ಮುರಿದುಹೋಗುತ್ತಲೂ ಇರುತ್ತವೆ.

ಆ ದಿನದಿಂದ ನಾನು ಈ ಹಾವನ್ನು ಹೊರಗಿನ ಗೆರೆಯಿಂದ ಬರೆಯಲು ತೊಡಗುವುದನ್ನು ಬಿಟ್ಟೆ. ಈಗ ಮೊದಲು ಪೆನ್ಸಿಲಿನಲ್ಲಿ ಬೆನ್ನಹುರಿಯ ಗೆರೆಯನ್ನು ಸುರುಳಿಯ ಉದ್ದಕ್ಕೂ ಎಳೆಯುತ್ತೇನೆ. ಅದು ಹದಿಮೂರನೆಯ ಸಾಲು. ಅದರ ಎರಡೂ ಮಗ್ಗುಲಿಗೆ ಓರೆಗೆರೆಗಳನ್ನು ಎಳೆದು, ಎದುರು ದಿಕ್ಕಿನ ಓರೆಗೆರೆಗಳೊಡನೆ ಅವನ್ನು ಹೆಣೆಯುತ್ತೇನೆ. ಈಚಲು ಚಾಪೆಯನ್ನು ಉರುಳೆಗೆ ಸುತ್ತಿದರೆ ಅದರ ಕಣ್ಣುಗಳು ಅಂಚಿಗೆ ಹೋದಂತೆ ಹೇಗೆ ಕಿರಿದಾಗುತ್ತವೋ ಹಾಗೆಯೇ ಈ ಬಲೆಯ ಕಣ್ಣುಗಳೂ ಮೈಯ ಅಂಚಿಗೆ ಹೋದಂತೆ ಕಿರಿದಾಗಬೇಕು. ಒಂದೊಂದು ಕಣ್ಣಿನಲ್ಲಿ ಒಂದೊಂದು ಹುರುಪೆ. ಹುರುಪೆಯ ನಡುವೆ ಉದ್ದಕ್ಕೆ ಒಂದು ಏಣು. ಈ ಏಣು ಇರುವುದರಿಂದಲೇ ಗಿಲಕಿ ಹಾವಿನ ಮೈ ನಾಗರಹಾವಿನ ಮೈಯಂತೆ ಹೊಳೆಯುವುದಿಲ್ಲ, ಒರಟು ನೆಲದಂತೆ ಬೆಳಕನ್ನು ಹೀರಿಕೊಳ್ಳುತ್ತದೆ. ವಿಜ್ಞಾನದ ಚಿತ್ರಗಳಲ್ಲಿ ಬೆಳಕು ಮೇಲಿನ ಎಡಮೂಲೆಯಿಂದ ಬೀಳಬೇಕೆಂಬುದು ಹಳೆಯ ರೂಢಿ. ಹಾಗಾಗಿ ಏಣಿನ ಎಡಮಗ್ಗುಲನ್ನು ಹಾಳೆಯ ಬಿಳುಪಿಗೇ ಬಿಟ್ಟು ಬಲಮಗ್ಗುಲಿಗೆ ನಾಲ್ಕಾರು ಚುಕ್ಕಿ ಇಡುತ್ತೇನೆ. ಹೊಟ್ಟೆಗೆ ತಾಗಿದ ಕೆಳಸಾಲುಗಳಲ್ಲಿ ಏಣು ಸವೆದಂತೆ ನುಣುಪಾಗಿರುತ್ತದೆ. ಅಲ್ಲಿ ಚುಕ್ಕಿಯನ್ನು ಹಿಂದೆಗೆದುಕೊಳ್ಳಬೇಕು.

ಬೆನ್ನಿನ ವಜ್ರಾಕಾರದ ಗುರುತುಗಳ ವಿಷಯಕ್ಕೆ ಬಂದರೆ, ಅವನ್ನು ವಜ್ರವೆಂದುಕೊಂಡು ಗೆರೆ ಎಳೆದರೆ ಚಿತ್ರ ಕೆಟ್ಟಿತು. ಹಾವಿನ ಮೈಮೇಲೆ ವಜ್ರದ ಗೆರೆ ಎಂಬುದೇ ಇಲ್ಲ. ಕೆಲವು ಹುರುಪೆಗಳು ಕಂದು, ಅವುಗಳ ಸುತ್ತಲಿನವು ಇನ್ನೂ ಗಾಢ, ಅವುಗಳಾಚೆಗಿನ ಒಂದು ಸಾಲು ಮಾಸಲು ಬಿಳಿ. ದೂರದಿಂದ ನೋಡಿದವರ ಕಣ್ಣು ಅವನ್ನು ಕೂಡಿಸಿ ವಜ್ರವೆನ್ನುತ್ತದೆ. ನಮ್ಮಮ್ಮ ಹಬ್ಬದ ದಿನ ಚುಕ್ಕಿ ಇಟ್ಟು ರಂಗೋಲಿ ಹಾಕುವಾಗ ಮೊದಲು ಎಣಿಕೆ, ಆಮೇಲೆ ಆಕಾರ. ಇಲ್ಲಿಯೂ ಅದೇ ಕ್ರಮ. ಅದರ ಮೇಲೆ ಈ ಜಾತಿಯ ಹಾವಿಗೆ ಮೈತುಂಬ ಸಣ್ಣ ಕಪ್ಪು ಕಣಗಳು ಎರಚಿದಂತಿರುತ್ತವೆ, ಧೂಳಿನಲ್ಲಿ ಹೊರಳಿ ಎದ್ದ ಹಾಗೆ. ಚುಕ್ಕಿಯ ಚಿತ್ರಕ್ಕೆ ಇಷ್ಟು ಒಪ್ಪುವ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ. ಮಸಿಯಲ್ಲಿ ಬೂದುಬಣ್ಣ ಎಂಬುದಿಲ್ಲ. ಹಾಳೆಯ ಒಂದು ಜಾಗ ಒಂದೋ ಕಪ್ಪು, ಇಲ್ಲವೇ ಬಿಳಿ. ಉಳಿದದ್ದೆಲ್ಲ ಚುಕ್ಕಿಗಳ ನಡುವಿನ ಅಂತರದಿಂದ ಹುಟ್ಟಬೇಕು. ಈ ಹಾವಿನ ಬಣ್ಣವೂ ಹಾಗೆಯೇ ಹುಟ್ಟಿದ್ದು.

ನಾನು ಬಳಸುವ ಮಸಿಗೆ ಇಲ್ಲಿ ಇಂಡಿಯಾ ಇಂಕ್ ಎನ್ನುತ್ತಾರೆ. ಮೂಲದಲ್ಲಿ ಇದು ಚೀನಾದ ವಿದ್ಯೆಯಾದರೂ ಇಂಗ್ಲಿಷಿನಲ್ಲಿ ಇಂಡಿಯಾದ ಹೆಸರೇ ಉಳಿದುಕೊಂಡಿತು. ಒಳಗಿರುವುದು ಮುಖ್ಯವಾಗಿ ಎರಡೇ ವಸ್ತು: ದೀಪದ ಕರಿಯಂಥ ಇಂಗಾಲದ ಪುಡಿ, ಮತ್ತು ಅದನ್ನು ಹಾಳೆಗೆ ಹಿಡಿಸುವ ಅಂಟು, ನೀರಿಗೆ ಕರಗದಂತೆ ಮಾಡಿದ ಬಗೆಯಲ್ಲಿ ಆ ಅಂಟು ಅರಗು. ಅಜ್ಜಿ ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆಯ ತಟ್ಟೆಯನ್ನು ಕವುಚಿಟ್ಟು, ರಾತ್ರಿಯೆಲ್ಲ ಹಿಡಿದ ಮಸಿಯನ್ನು ಬೆಳಿಗ್ಗೆ ಬೆರಳಿನಲ್ಲಿ ಬಳಿದು, ಬೆಣ್ಣೆ ಸೇರಿಸಿ ಕಾಡಿಗೆ ಮಾಡುತ್ತಿದ್ದರು. ಶೀಶೆಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಆ ತಟ್ಟೆ ನೆನಪಾಗುತ್ತದೆ. ಕಾಡಿಗೆಯ ಕಪ್ಪು ಹೇಗೆ ಮಾಸುವುದಿಲ್ಲವೋ ಈ ಕಪ್ಪೂ ಮಾಸುವುದಿಲ್ಲ, ಹಾಳೆ ಹಳದಿಯಾದರೂ ಚುಕ್ಕಿ ಚುಕ್ಕಿಯಾಗಿಯೇ ಇರುತ್ತದೆ.

ಮುಖ ಬರೆಯಲು ಹತ್ತು ದಿನ ಹಿಡಿಯಿತು. ನಾಗರಹಾವು, ಕೇರೆಹಾವುಗಳ ನೆತ್ತಿಯ ಮೇಲೆ ದೊಡ್ಡ ದೊಡ್ಡ ಫಲಕಗಳಿರುತ್ತವೆ, ಗೆರೆ ಎಳೆದು ಮುಗಿಸಬಹುದು. ಇದರ ನೆತ್ತಿಯ ತುಂಬ ರಾಗಿ ಹರವಿದಂತೆ ಸಣ್ಣ ಹುರುಪೆಗಳು. ಕಣ್ಣಿನ ಹಿಂದಿನಿಂದ ಬಾಯಿಯ ಮೂಲೆಯ ಕಡೆಗೆ ಓರೆಯಾಗಿ ಇಳಿಯುವ ಮಾಸಲು ಪಟ್ಟೆ. ನೆಟ್ಟಗೆ ಸೀಳಿದಂತಿರುವ ಕಣ್ಣಿನ ಪಾಪೆ. ಕಣ್ಣಿಗೂ ಮೂಗಿಗೂ ನಡುವೆ, ಎರಡಕ್ಕೂ ಸ್ವಲ್ಪ ಕೆಳಗೆ, ಒಂದು ಗುಳಿ. ಬಿಸಿರಕ್ತದ ಪ್ರಾಣಿಯ ಮೈಶಾಖವನ್ನು ಕತ್ತಲಲ್ಲಿಯೂ ಗುರುತಿಸುವುದು ಈ ಗುಳಿ. ಸಹ್ಯಾದ್ರಿಯ ಗುಳಿಮಂಡಲಗಳಿಗೆ ಇರುವುದೂ ಇದೇ. ಸಾಗರದಾಚೆಯ ಈ ಮರುಭೂಮಿಯ ಹಾವು ಅವುಗಳ ಹತ್ತಿರದ ನೆಂಟ. ಒಂದು ಸಂಜೆ ವಿಡಿಯೋ ಕರೆಯಲ್ಲಿ ಅಮ್ಮನಿಗೆ ಈ ಹಾಳೆಯನ್ನು ತೋರಿಸಿದೆ. ಬಹಳ ಹೊತ್ತು ನೋಡಿದ ಅಮ್ಮ, “ಇದರ ಹೆಡೆ ಯಾವ ಕಡೆಗಿದೆಯೇ?” ಎಂದು ಕೇಳಿದರು. “ಇದಕ್ಕೆ ಹೆಡೆ ಇಲ್ಲಮ್ಮ” ಎಂದೆ. “ಹಾಗಾದರೆ ಮಂಡಲದ ಜಾತಿ ಅನ್ನು. ಕೊಳಕು ಮಂಡಲವೂ ಹೀಗೇ ಮುದ್ದೆಯಾಗಿ ಬಿದ್ದಿರುತ್ತಿತ್ತು, ಅಡಿಕೆ ಹೆಕ್ಕುವಾಗ ನೋಡಿದ್ದೇನೆ” ಎಂದರು. ಹಾವನ್ನು ಅದರ ಬಿದ್ದಿರುವ ರೀತಿಯಿಂದ ಗುರುತಿಸಿದ ಅಮ್ಮನ ಮಾತು ನನಗೆ ಯಾವ ಹೊಗಳಿಕೆಗಿಂತಲೂ ಹೆಚ್ಚಾಯಿತು.

ಮುಖದಲ್ಲಿ ಇನ್ನೊಂದು ಕಷ್ಟವಿದೆ. ಎರಡು ಕಣ್ಣುಗಳ ಮೇಲೂ ಒಂದೊಂದು ದೊಡ್ಡ ಹುರುಪೆ ಸೂರಿನಂತೆ ಮುಂದಕ್ಕೆ ಚಾಚಿರುತ್ತದೆ. ಮನುಷ್ಯರಾದ ನಮಗೆ ಅದು ಗಂಟಿಕ್ಕಿದ ಹುಬ್ಬಿನಂತೆ ಕಾಣುತ್ತದೆ. ಹಾವು ಸಿಟ್ಟಿನಲ್ಲಿದೆ ಎಂದು ನಮಗನ್ನಿಸುವುದು ಬಹುಪಾಲು ಆ ಒಂದು ಹುರುಪೆಯ ದೆಸೆಯಿಂದ. ಹಾವಿಗೆ ಹುಬ್ಬಿಲ್ಲ, ಮುಖದಲ್ಲಿ ಭಾವ ತೋರಿಸುವ ಸ್ನಾಯುಗಳಿಲ್ಲ, ಮುಚ್ಚಲು ರೆಪ್ಪೆಯೂ ಇಲ್ಲ; ನಿದ್ದೆಯಲ್ಲಿಯೂ ಅದರ ಮುಖ ಹೀಗೆಯೇ ಇರುತ್ತದೆ. ಸೂರಿನ ಕೆಳಗಿನ ನೆರಳನ್ನು ಒಂದು ಗೆರೆಯಷ್ಟು ಹೆಚ್ಚು ಕಪ್ಪಾಗಿಸಿದರೆ ಸಾಕು, ಹಾಳೆಯ ಮೇಲೆ ಕೋಪ ಹುಟ್ಟಿಬಿಡುತ್ತದೆ. ನಾನು ಎರಡು ಸಲ ಹಾಗೆ ಮಾಡಿ, ಎರಡು ಸಲವೂ ಹೊಸ ಹಾಳೆಯಲ್ಲಿ ಮುಖದ ಅಭ್ಯಾಸವನ್ನು ಮೊದಲಿನಿಂದ ಆರಂಭಿಸಬೇಕಾಯಿತು.

ಇದರ ವೈಜ್ಞಾನಿಕ ಹೆಸರು ಕ್ರೊಟಾಲಸ್ ಅಟ್ರಾಕ್ಸ್. ಬೇರ್ಡ್ ಮತ್ತು ಜಿರಾರ್ಡ್ ಎಂಬ ಇಬ್ಬರು ಪ್ರಾಣಿಶಾಸ್ತ್ರಜ್ಞರು 1853ರಲ್ಲಿ ಇಟ್ಟದ್ದು. ಮೊದಲ ಪದ ಗ್ರೀಕಿನ ಗಿಲಕಿ, ಎರಡನೆಯದು ಲ್ಯಾಟಿನ್ನಿನ ಕ್ರೂರ. ಅಮೆರಿಕದವರು ಈ ಕುಲದ ಹಾವನ್ನು ಚಿತ್ರಿಸಿಕೊಂಡು ಬಂದ ಬಗೆ ಈ ಹೆಸರಿಗೆ ತಕ್ಕಂತೆಯೇ ಇದೆ. ಹಕ್ಕಿಗಳ ಚಿತ್ರಕ್ಕೆ ಹೆಸರಾದ ಆಡುಬಾನ್ 1821ರ ಆಗಸ್ಟಿನಲ್ಲಿ ಲೂಯಿಸಿಯಾನಾದ ಓಕ್ಲಿ ತೋಟದಲ್ಲಿ ಸತ್ತ ಗಿಲಕಿ ಹಾವೊಂದನ್ನು ಕಚ್ಚಲು ಹೊರಟ ಭಂಗಿಯಲ್ಲಿ ನಿಲ್ಲಿಸಿಕೊಂಡು ಬರೆದರು. ಸೆಕೆಗೆ ಅದು ಕೆಡತೊಡಗಿದ್ದರಿಂದ 16 ಗಂಟೆಗಿಂತ ಹೆಚ್ಚು ಕಾಲ ಅದರ ಮುಂದೆ ಕೂರಲಾಗಲಿಲ್ಲವೆಂದು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಮುಂದೆ ಅವರ ಹಕ್ಕಿಚಿತ್ರಗಳಲ್ಲಿ ಮಾಕಿಂಗ್‌ಬರ್ಡ್ ಗೂಡಿಗೆ ಬಾಯಿ ತೆರೆದು ನುಗ್ಗಿದ ಗಿಲಕಿ ಹಾವು ಬಂದಾಗ, ಈ ಹಾವು ಮರ ಹತ್ತುವುದಿಲ್ಲವೆಂದು ಕೆಲವರು ಅವರನ್ನು ಕಟುವಾಗಿ ಟೀಕಿಸಿದರು. ಹತ್ತುವುದುಂಟು, ಆ ವಿಷಯದಲ್ಲಿ ಆಡುಬಾನ್ ಹೇಳಿದ್ದು ಸರಿ. ಅವರಿಗಿಂತ ನೂರು ವರ್ಷ ಹಿಂದಿನ ನಿಸರ್ಗಚಿತ್ರಕಾರ ಮಾರ್ಕ್ ಕೇಟ್ಸ್‌ಬಿ ಕೂಡ, ಕೆತ್ತನೆಗಾರರಿಗೆ ಕೊಡಲು ಹಣವಿಲ್ಲದೆ ತಾವೇ ತಾಮ್ರದ ತಗಡಿನ ಮೇಲೆ ಕೊರೆಯುವುದನ್ನು ಕಲಿತು ಈ ಹಾವನ್ನು ಅಚ್ಚಿಗೆ ತಂದಿದ್ದರು. ಅವರ ಆ ಕಷ್ಟಸಹಿಷ್ಣುತೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಇನ್ನು ರಾಜಕೀಯದ ಚಿತ್ರಗಳು. ಬೆಂಜಮಿನ್ ಫ್ರಾಂಕ್ಲಿನ್ 1754ರ ಮೇ 9ರಂದು ತಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಿದ ಮರದಚ್ಚಿನಲ್ಲಿ, ಒಗ್ಗೂಡದ ವಸಾಹತುಗಳ ಗುರುತಾಗಿ, ಹಾವು ಎಂಟು ತುಂಡಾಗಿ ಬಿದ್ದಿದೆ; 1775ರ ಹೊತ್ತಿಗೆ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಗ್ಯಾಡ್ಸ್‌ಡನ್ ಬಾವುಟದ ಹಳದಿಯ ಮೇಲೆ ಅದು ಸುರುಳಿಯಿಂದ ಎದ್ದು ನಿಂತ ಗಿಲಕಿ ಹಾವಾಯಿತು. ಅಲ್ಲಿಂದ ಇಲ್ಲಿಯವರೆಗೆ ಈ ದೇಶದ ಚಿತ್ರಗಳಲ್ಲಿ ಗಿಲಕಿ ಹಾವು ಯಾರಿಗೋ ಏನನ್ನೋ ಹೇಳುತ್ತಲೇ ಇದೆ, ಒಂದು ಗಳಿಗೆಯೂ ಸುಮ್ಮನಿಲ್ಲ. ಟೆಕ್ಸಸ್ಸಿನ ಸ್ವೀಟ್‌ವಾಟರ್‌ನಲ್ಲಿ 1958ರಿಂದ ಪ್ರತಿ ಮಾರ್ಚಿನಲ್ಲಿ ಗಿಲಕಿ ಹಾವುಗಳನ್ನು ಹಿಡಿದು ತಂದು ಕಟ್ಟೆಯೊಳಗೆ ಗುಡ್ಡೆ ಹಾಕಿ ಜನರಿಗೆ ತೋರಿಸುತ್ತಾರೆ. ಬಿಲಗಳಿಂದ ಅವನ್ನು ಹೊರಡಿಸಲು ಪೆಟ್ರೋಲಿನ ಆವಿ ಬಿಡುವ ರೂಢಿಯೂ ಅಲ್ಲಿ ಬೆಳೆದುಬಂದಿದೆ. ಆ ಕಟ್ಟೆಯ ಸುತ್ತ ನಿಂತವರು ನೋಡುವುದೂ ಗಿಲಕಿ ಆಡಿಸುವ ಹಾವನ್ನೇ. ಅಷ್ಟು ಜನರ ನಡುವೆ ಸಿಕ್ಕಿಬಿದ್ದ ಪ್ರಾಣಿ ಇನ್ನೇನು ಮಾಡೀತು? ನನ್ನ ಮೊದಲ ಚಿತ್ರವೂ ಆ ಸಾಲಿಗೇ ಸೇರಿದ್ದೆಂದು ಈಗ ನನಗೆ ನೋವಾಗುತ್ತದೆ.

ನಾನು ಬರೆಯುತ್ತಿರುವ ಹಾವನ್ನು ಕಂಡದ್ದು ಹೋದ ವರ್ಷದ ಜುಲೈನಲ್ಲಿ, ಇಲ್ಲಿಯವರೂ ಮಾನ್ಸೂನ್ ಎಂದೇ ಕರೆಯುವ ಬೇಸಗೆಯ ಮಳೆಯ ಮೊದಲ ವಾರದಲ್ಲಿ. ಊರಾಚೆಯ ಹಾದಿಯ ಪಕ್ಕ ಕ್ರಿಯೋಸೋಟ್ ಪೊದೆಗಳಿಂದ ಮಳೆಯ ವಾಸನೆ ಏಳುತ್ತಿತ್ತು. ಮಳೆ ಬಿದ್ದಾಗ ಆ ಎಲೆಗಳ ಎಣ್ಣೆಯ ಘಾಟೇ ಈ ಮರುಭೂಮಿಯ ಮಣ್ಣಿನ ವಾಸನೆ. ಒಂದು ಪೊದೆಯ ಬುಡದಲ್ಲಿ ಕಡ್ಡಿಮುಳ್ಳುಗಳನ್ನು ರಾಶಿ ಹಾಕಿ ಕಟ್ಟಿದ ಪ್ಯಾಕ್‌ರ‍್ಯಾಟ್ ಇಲಿಯ ಗೂಡು, ಅದರ ಬಾಯಿಂದ ಹೊರಟ ಬೆರಳಗಲದ ಇಲಿಹಾದಿ. ಹಾದಿಯ ಅಂಚಿನಲ್ಲಿ ಹಾವು ಸುರುಳಿ ಸುತ್ತಿಕೊಂಡಿತ್ತು. ಮೊದಲು ನನಗೆ ಕಂಡದ್ದು ಬಾಲದ ಕಪ್ಪು ಬಿಳಿ ಬಳೆಗಳು. ಮೈಯನ್ನು ಮಣ್ಣಿನಿಂದ ಬೇರೆ ಮಾಡಿ ಕಾಣಲು ಇನ್ನೂ ಒಂದು ನಿಮಿಷ ಬೇಕಾಯಿತು. ಐದು ಮೀಟರ್ ದೂರದಲ್ಲಿ ಕಲ್ಲಿನ ಮೇಲೆ ಕುಳಿತು ಬೈನಾಕ್ಯುಲರ್‌ನಿಂದ ನೋಡುತ್ತ ಬರೆದುಕೊಂಡೆ.

ನಲವತ್ತು ನಿಮಿಷ ಅದು ಅಲುಗಲಿಲ್ಲ. ಗದ್ದವನ್ನು ಮೇಲಿನ ಸುರುಳಿಯ ಮೇಲೆ ಇಟ್ಟು ಇಲಿಹಾದಿಯ ಕಡೆಗೆ ಮುಖ ಮಾಡಿಕೊಂಡಿತ್ತು. ಉಸಿರಿಗೆ ಒಂದು ಮಗ್ಗುಲು ಮಾತ್ರ ನಿಧಾನವಾಗಿ ಏಳುತ್ತಿತ್ತು, ಆಗ ಹುರುಪೆಗಳ ನಡುವಿನ ಚರ್ಮದ ಗೆರೆ ಒಂದಿಷ್ಟು ಅಗಲವಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಎರಡು ಸಲ ನಾಲಿಗೆ ಹೊರಗೆ ಬಂತು. ನಾನಿರುವುದು ಅದಕ್ಕೆ ತಿಳಿದಿರಲೇಬೇಕು. ಆದರೂ ಗಿಲಕಿ ಆಡಿಸಲಿಲ್ಲ. ಅದು ಮೂರನೆಯ ಸುರುಳಿಯ ಪಕ್ಕ ಮರಳಿನ ಮೇಲೆ ಒರಗಿತ್ತು, ಯಾರೋ ಕೆಳಗಿಟ್ಟು ಮರೆತುಹೋದ ವಸ್ತುವಿನಂತೆ. ಇಲಿಗಾಗಿ ಹೊಂಚಿ ಕೂರುವುದೇ ಈ ಹಾವಿನ ಬದುಕು. ಗಂಟೆಗಟ್ಟಲೆ ಕಾಯುವ ಪ್ರಾಣಿಯ ಜೀವನದಲ್ಲಿ ಬಾಯಿ ತೆರೆಯುವ ಗಳಿಗೆಗಳು ಎಷ್ಟು ಇದ್ದಾವು? ಕತ್ತಲಾಗುವ ಮೊದಲು ಎದ್ದು ಬಂದೆ. ಮರುದಿನ ಬೆಳಿಗ್ಗೆ ಹೋದಾಗ ಹಾವು ಇರಲಿಲ್ಲ. ಒದ್ದೆ ಮರಳಿನಲ್ಲಿ ಒಂದು ಗೇಣಿಗಿಂತ ಸ್ವಲ್ಪ ಅಗಲದ ಗುಂಡನೆಯ ಅಚ್ಚು, ಅಂಚಿನಲ್ಲಿ ಹೊಟ್ಟೆಯ ಪಟ್ಟಿಗಳ ನವಿರಾದ ಗೀರು ಉಳಿದಿದ್ದವು. ಅದನ್ನೂ ಅಳತೆ ಸಮೇತ ಬರೆದುಕೊಂಡು ಬಂದೆ, ಚಿತ್ರದಲ್ಲಿ ಹಾವು ನೆಲದ ಮೇಲೆ ತೇಲಬಾರದು, ಅದರ ಭಾರ ಮರಳಿನಲ್ಲಿ ಇಳಿದಿರಬೇಕು ಎಂದು.

ಹೀಗಾಗಿ ಈ ಹಾಳೆಯ ಮೇಲಿನ ಹಾವು ಬಾಯಿ ಮುಚ್ಚಿದೆ. ನೋಡಿದ ಒಬ್ಬ ಗೆಳತಿ, ಗಿಲಕಿಯನ್ನಾದರೂ ಸ್ವಲ್ಪ ಎತ್ತಿ ತೋರಿಸಬಹುದಿತ್ತಲ್ಲ, ಇಲ್ಲದಿದ್ದರೆ ಇದು ಯಾವ ಹಾವೆಂದು ಜನಕ್ಕೆ ಹೇಗೆ ತಿಳಿಯಬೇಕು ಎಂದಳು. ಅದಕ್ಕೆ ನನ್ನಲ್ಲಿ ಎರಡು ಉತ್ತರಗಳಿವೆ. ಸೆಕೆಂಡಿಗೆ ಐವತ್ತು ಅರವತ್ತು ಸಲ ಅದುರುವ ಗಿಲಕಿ ಕಣ್ಣಿಗೆ ಕಾಣುವುದು ಮಂಜಿನ ತುಣುಕಿನಂತೆ. ಅದನ್ನು ಚೂಪಾದ ಗೆರೆಯಲ್ಲಿ ನಿಲ್ಲಿಸಿ ಬರೆದರೆ ಯಾರೂ ಕಂಡಿರದ ವಸ್ತುವನ್ನು ಬರೆದಂತಾಗುತ್ತದೆ, ಮಂಜಾಗಿಸಿ ಬರೆದರೆ ಮಣಿಗಳ ಹೆಣಿಗೆ ಅಳಿಸಿಹೋಗುತ್ತದೆ. ಸುಮ್ಮನೆ ಒರಗಿದ ಗಿಲಕಿಯನ್ನು ಮಾತ್ರವೇ ಮಸಿ ಪೂರ್ತಿ ಹೇಳಬಲ್ಲದು. ಎರಡನೆಯದು, ನಾನು ಕಂಡದ್ದು ಹೀಗೆ.

ಕಳೆದ ತಿಂಗಳು ಒಂದು ಅವಘಡವಾಯಿತು. ಎರಡನೆಯ ಸುರುಳಿ ಮುಗಿಯುವ ಹೊತ್ತಿಗೆ ನಿಬ್ಬಿನಿಂದ ಹನಿಯೊಂದು ಜಾರಿ ಬಿಳಿಯ ಅಂಚಿನ ನಾಲ್ಕು ಹುರುಪೆಗಳ ಮೇಲೆ ಬಿತ್ತು. ಒರೆಸಿದರೆ ಹರಡುತ್ತದೆ, ಹಾಗೆಯೇ ಬಿಟ್ಟು, ಮರುದಿನ ಪೂರ್ತಿ ಒಣಗಿದ ಮೇಲೆ ಹೊಸ ಬ್ಲೇಡಿನ ಮೂಲೆಯಿಂದ ಪದರ ಪದರವಾಗಿ ಕೆರೆದು ತೆಗೆದೆ. ಹಾಳೆಯ ನಾರು ಎದ್ದಿತು; ಉಗುರಿನ ಬೆನ್ನಿನಿಂದ ತಿಕ್ಕಿ ಅದನ್ನು ಮಲಗಿಸಿದೆ. ಅಲ್ಲಿ ಮತ್ತೆ ಮಸಿ ಹಾಕಿದರೆ ಜಿನುಗುತ್ತದೆಂದು ಆ ನಾಲ್ಕು ಹುರುಪೆಗಳಿಗೆ ಏಣಿನ ಗೆರೆಯನ್ನಷ್ಟೇ ಕೊಟ್ಟು ನಿಲ್ಲಿಸಿದ್ದೇನೆ. ಓರೆಬೆಳಕಿನಲ್ಲಿ ನೋಡಿದರೆ ಆ ಜಾಗ ಒಂದಿಷ್ಟು ತಗ್ಗಾಗಿ ಕಾಣುತ್ತದೆ.

ಈಗ ಉಳಿದಿರುವುದು ಗಿಲಕಿ. ನನ್ನ ಟಿಪ್ಪಣಿಯ ಪ್ರಕಾರ ಏಳು ಮಣಿಗಳು. ಗಿಲಕಿ ಅಗಲಕ್ಕಿಂತ ಎತ್ತರ ಹೆಚ್ಚಾದ, ಎರಡೂ ಮಗ್ಗುಲಿನಿಂದ ಅದುಮಿದಂಥ ವಸ್ತು. ಪ್ರತಿ ಮಣಿಯ ಮಗ್ಗುಲಲ್ಲಿ ಉದ್ದಕ್ಕೆ ಒಂದು ತೋಡು ಸಾಗಿ ಮುಂದಿನ ಮಣಿಯ ತೋಡನ್ನು ಕೂಡುತ್ತದೆ. ಬುಡದ ಮಣಿ ಹೊಸದು, ಅಂಚು ತುಂಬಿಕೊಂಡಿದೆ. ತುದಿಗೆ ಹೋದಂತೆ ಮಣಿಗಳು ಸವೆದು ಒಣಗಿದ ಹುಣಸೆಯ ಸಿಪ್ಪೆಯ ಬಣ್ಣಕ್ಕೆ ಬಂದಿವೆ, ಏಳನೆಯದರ ಹೊರಗಿನ ಗೋಡೆ ಒಡೆದು ಒಳಗಿನ ಟೊಳ್ಳು ಕಾಣುತ್ತದೆ. ಆ ಒಡಕನ್ನು ಇದ್ದ ಹಾಗೆಯೇ ಬರೆಯಬೇಕು. ಬುಡದ ಮಣಿಗೆ ಇಂದು ಬೆಳಿಗ್ಗೆ ಮಸಿ ಹಾಕಿದ್ದೇನೆ. ಅದು ಒಣಗುವವರೆಗೆ ಎರಡನೆಯದರ ಮೇಲೆ ಕೈ ಊರುವಂತಿಲ್ಲ.